ಕಿಳಿನೊಚ್ಚಿಯ ಅಮ್ಮಂದಿರು
ಬೆಳಗ್ಗೆ ಕಾಫಿ ಕುಡಿಯುತ್ತಾ ಸುಮ್ನೆ ಮೊಬೈಲ್ ನೋಡುವಾಗ ಒಂದು ಫೋಟೋ ಕಣ್ಣಿಗೆ ಬಿತ್ತು. ಶ್ರೀಲಂಕಾದ ಕಿಳಿನೊಚ್ಚಿ. ರಸ್ತೆ ಬದಿಯಲ್ಲಿ ಕೂತ ತಮಿಳು ಅಮ್ಮಂದಿರು, ಮಡಿಲಲ್ಲಿ ಕಾಣೆಯಾದ ಮಕ್ಕಳ ಲ್ಯಾಮಿನೇಟೆಡ್ ಫೋಟೋ. ಬಿಸಿಲಿಗೆ ಬಣ್ಣವೇ ಹೋಗಿದೆ. ಈ ಧರಣಿ ಶುರುವಾಗಿದ್ದು 2017ರ ಫೆಬ್ರವರಿಯಲ್ಲಿ.

2009ರ ಮೇ ತಿಂಗಳಲ್ಲಿ ಸೈನ್ಯ ಮತ್ತು ಎಲ್‌ಟಿಟಿಇ ಬಂಡುಕೋರರ ನಡುವಿನ ಯುದ್ಧ ಮುಗಿದಾಗ, ವಿಚಾರಿಸಿ ಬಿಡ್ತಾರೆ ಅಂತ ನಂಬಿ ಕೆಲವರು ತಾವೇ ಮಕ್ಕಳನ್ನು ಸೈನ್ಯಕ್ಕೆ ಒಪ್ಪಿಸಿದ್ದರು. ಆ ಮಕ್ಕಳು ಮರಳಲೇ ಇಲ್ಲ. 1979ರ ಭಯೋತ್ಪಾದನೆ ತಡೆ ಕಾಯ್ದೆ ಬೇರೆ. ತಂದಾಗ 'ತಾತ್ಕಾಲಿಕ'ವಂತೆ! ಆರೋಪವೇ ಹೊರಿಸದೆ 18 ತಿಂಗಳು ಒಳಗಿಡಬಹುದಿತ್ತು.

2020ರಲ್ಲಿ ಅಧ್ಯಕ್ಷ ಗೋಟಬಯ, ಕಾಣೆಯಾದವರು ಸತ್ತಿದ್ದಾರೆ ಅಂದುಬಿಟ್ಟರು. ಸರಿ, ಎಲ್ಲಿ? ಯಾರ ಕೈಲಿ?

ನನ್ನ ಮಗ ಟ್ಯೂಷನ್‌ನಿಂದ ಅರ್ಧ ಗಂಟೆ ತಡ ಮಾಡಿದರೆ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ.