ಮಳೆಗಾಲದ ಕ್ಷೌರಕ್ಕೆ ಆರದ ನೊರೆ: ಮಡಿಕೇರಿಯ ಬಚ್ಚಲಿನ ಪ್ರಯೋಗಗಳು

ಮೃಗಶಿರ ಮಳೆ

ಬ್ರಷ್ಷಿನಿಂದ ನೊರೆ ಎಬ್ಬಿಸಿ, ಒಂಟಿ ಬ್ಲೇಡಿನ ಸೇಫ್ಟಿ ರೇಜರಿನಲ್ಲಿ ಮೂರು ಸುತ್ತು ಕ್ಷೌರ ಮಾಡಿಕೊಳ್ಳುವವರಿಗೆ ಮಡಿಕೇರಿಯ ಮಳೆಗಾಲ ಒಡ್ಡುವ ತೊಂದರೆ ಇಷ್ಟೇ: ಮೊದಲ ಸುತ್ತಿನಲ್ಲಿ ಹಿತವಾಗಿ ಬೆಚ್ಚಗಿದ್ದ ನೊರೆ, ಕೂದಲಿಗೆ ಅಡ್ಡಲಾಗಿ ಹೆರೆಯುವ ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಆರಿರುತ್ತದೆ, ಕೂದಲಿಗೆ ಎದುರಾಗಿ ಹೆರೆಯುವ ಮೂರನೆಯ ಸುತ್ತಿನಲ್ಲಂತೂ ಮೈ ಜುಮ್ಮೆನ್ನುವಷ್ಟು ತಣ್ಣಗಾಗಿರುತ್ತದೆ. ಮುಖದ ಚರ್ಮದ ಉಷ್ಣತೆ ಸುಮಾರು 33 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ನೊರೆ ಅದಕ್ಕಿಂತ ಕೆಳಗಿಳಿದ ಕ್ಷಣದಿಂದಲೇ ನಮಗದು ತಣ್ಣಗೆನ್ನಿಸುತ್ತದೆ. ಆದ್ದರಿಂದ ಕೊನೆಯ ಸುತ್ತಿನವರೆಗೂ ನೊರೆಯನ್ನು 40ರಿಂದ 45 ಡಿಗ್ರಿಯ ನಡುವೆ ಉಳಿಸಿಕೊಳ್ಳುವುದು, ಅದೂ ಮನೆಯಲ್ಲಿರುವ ಸಾಮಾನುಗಳಿಂದಲೇ ಸಾಧಿಸುವುದು ಈ ಮಳೆಗಾಲದ ಗುರಿ.

ಶಾಖ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕಿತ್ತು. ನೊರೆಯ ಬಟ್ಟಲು ಪಿಂಗಾಣಿಯದು, ತೂಕ 350 ಗ್ರಾಂ. ಅದರಲ್ಲಿ ಏಳುವ ನೊರೆ, ನೋಡುವುದಕ್ಕೆ ಬಟ್ಟಲು ತುಂಬಿದಂತಿದ್ದರೂ, ತೂಗಿದರೆ 30 ಗ್ರಾಂ ಮಾತ್ರ. ನೊರೆಯ ಬಹುಪಾಲು ನೀರೇ ಆಗಿರುವುದರಿಂದ ಗ್ರಾಮಿಗೆ ಅದು ಹಿಡಿದಿಟ್ಟುಕೊಳ್ಳುವ ಶಾಖ ಪಿಂಗಾಣಿಗಿಂತ ನಾಲ್ಕೈದು ಪಟ್ಟು ಹೆಚ್ಚು, ನಿಜ. ಆದರೂ ಬಟ್ಟಲಿನ ತೂಕ ನೊರೆಯ ಹತ್ತು ಪಟ್ಟಿಗಿಂತ ಹೆಚ್ಚಿರುವಾಗ ಗೆಲ್ಲುವುದು ಬಟ್ಟಲೇ. ಬಚ್ಚಲಿನಲ್ಲಿ 18 ಡಿಗ್ರಿಯಲ್ಲಿ ಕುಳಿತಿದ್ದ ಬಟ್ಟಲಿಗೆ 45 ಡಿಗ್ರಿಯ ನೊರೆ ಹಾಕಿದರೆ ಎರಡೂ ಸಮನಾಗುವುದು ಸುಮಾರು 25 ಡಿಗ್ರಿಯಲ್ಲಿ ಎಂದು ಲೆಕ್ಕ ಹೇಳುತ್ತದೆ. ಅಡುಗೆಯ ಥರ್ಮಾಮೀಟರಿನ ಮೊನೆಯನ್ನು ನೊರೆಯಲ್ಲಿ ಊರಿ ನೋಡಿದಾಗ ಸಿಕ್ಕಿದ್ದೂ ಹೆಚ್ಚುಕಡಿಮೆ ಅದೇ. ಹೊರಗಿನ ಚಳಿಗಿಂತ ಮೊದಲು ನೊರೆಯ ಬಿಸಿಯನ್ನು ನುಂಗುವುದು ಅದನ್ನು ಹೊತ್ತಿರುವ ಪಾತ್ರೆ. ಬೆಚ್ಚಗಿಡಬೇಕಾದದ್ದೂ ನೊರೆಯನ್ನಲ್ಲ, ಪಾತ್ರೆಯನ್ನು.

ಆರಿದ್ರಾ ಮಳೆ

ಬಚ್ಚಲ ಒಲೆಯ ಹಂಡೆಯಲ್ಲಿ ಹೇಗೂ ನೀರು ಕಾದಿರುತ್ತದೆ. ಕ್ಷೌರಕ್ಕೆ ಮೊದಲು ಬಟ್ಟಲು ಮತ್ತು ಬ್ರಷ್ ಎರಡನ್ನೂ ಆ ನೀರಿನಲ್ಲಿ ಐದು ನಿಮಿಷ ಮುಳುಗಿಸಿಟ್ಟರೆ ಮೊದಲ ಸುತ್ತಿನ ಸಮಸ್ಯೆ ಪೂರ್ತಿಯಾಗಿ, ಎರಡನೆಯದರ ಸಮಸ್ಯೆ ಅರ್ಧದಷ್ಟು ನೀಗುತ್ತದೆ. ಖರ್ಚಿಲ್ಲದ ಉಪಾಯ ಬೇಕೆನ್ನುವವರು ಇಲ್ಲಿಗೇ ನಿಲ್ಲಬಹುದು.

ಬ್ರಷ್ಷಿನ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಹಂದಿಯ ಕೂದಲಿನ ಬ್ರಷ್ ನೀರು ಕುಡಿದ ಮೇಲೆಯೇ ಮೆತ್ತಗಾಗುವುದರಿಂದ ಅದಕ್ಕೆ ನೆನೆಸುವುದು ಅಗತ್ಯವೂ ಹೌದು, ಬಿಸಿ ಹಿಡಿದಿಟ್ಟುಕೊಳ್ಳಲು ಅನುಕೂಲವೂ ಹೌದು. ನೈಲಾನ್ ಮಾದರಿಯ ಕೃತಕ ಎಳೆಗಳು ನೀರು ಹೀರುವುದಿಲ್ಲ. ಎಳೆಗಳ ನಡುವೆ ನಿಂತ ನೀರಷ್ಟೇ ಅದರ ಬಿಸಿಯ ದಾಸ್ತಾನು. ಯಾವ ಬ್ರಷ್ಷೇ ಆದರೂ ಕುದಿನೀರಿಗೆ ಹಾಕಬಾರದು, ಏಕೆಂದರೆ ಎಳೆಗಳ ಬುಡವನ್ನು ಹಿಡಿಗೆ ಹಿಡಿದಿಟ್ಟಿರುವ ಅಂಟು ಸಡಿಲವಾಗುತ್ತದೆ, ಪ್ರಾಣಿಯ ಕೂದಲಾದರೆ ಬಿರುಸಾಗಿ ತುಂಡಾಗತೊಡಗುತ್ತದೆ. ಕೈ ಅದ್ದಿ ಇಟ್ಟುಕೊಳ್ಳಬಹುದಾದಷ್ಟು ಬಿಸಿ ಸಾಕು.

ಪುನರ್ವಸು ಮಳೆ

ಎರಡು ಗೋಡೆಗಳ ನಡುವೆ ಬಿಸಿನೀರು ತುಂಬುವ ಮಣ್ಣಿನ ಬಟ್ಟಲುಗಳು ಹೊರದೇಶಗಳಲ್ಲಿ ಹಿಂದಿನಿಂದಲೂ ಇವೆ. ಅವನ್ನು ಸ್ಕಟಲ್ ಎನ್ನುತ್ತಾರೆ. ತರಿಸಿಕೊಳ್ಳುವ ಬೆಲೆಗೆ ಒಂದು ವರ್ಷದ ಬ್ಲೇಡು, ಸೋಪು ಬರುತ್ತವೆ ಎಂದು ಕಂಡದ್ದರಿಂದ, ಒಂದು ಪಾತ್ರೆಯೊಳಗೆ ಇನ್ನೊಂದನ್ನು ಕೂರಿಸಿ ಅದೇ ತತ್ವವನ್ನು ಅಡುಗೆಮನೆಯಲ್ಲೇ ಪರೀಕ್ಷಿಸಿದೆ.

ಒಳಗಿನ ಬಟ್ಟಲಾಗಿ ಮೊದಲು ಇಟ್ಟದ್ದು ಸ್ಟೀಲಿನದು. ಅದು ಹಗುರವಾದ್ದರಿಂದ ಬಿಸಿನೀರಿನ ಮೇಲೆ ದೋಣಿಯಂತೆ ತೇಲಿ, ಬ್ರಷ್ ಆಡಿಸಿದಾಗಲೆಲ್ಲ ಒಂದು ಮಗ್ಗುಲಿಗೆ ವಾಲುತ್ತಿತ್ತು. ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡರೂ ಇನ್ನೊಂದು ತೊಡಕು ತಪ್ಪಲಿಲ್ಲ. ತೆಳುವಾದ ಸ್ಟೀಲಿನ ಮೂಲಕ ಶಾಖ ಬೇಗನೆ ಒಳಬರುವುದರಿಂದ ಗೋಡೆಗೆ ತಾಗಿದ ನೊರೆ ಮಾತ್ರ ಅತಿಯಾಗಿ ಕಾಯುತ್ತದೆ. ಕಾದ ನೊರೆಯಲ್ಲಿ ಗುಳ್ಳೆಗಳ ಒಳಗಿನ ಗಾಳಿ ಹಿಗ್ಗುತ್ತದೆ, ಗುಳ್ಳೆಗಳ ನಡುವಿನ ದ್ರವ ತೆಳುವಾಗಿ ಕೆಳಗಿಳಿಯುತ್ತದೆ, ಗುಳ್ಳೆಗಳು ಒಡೆಯುತ್ತವೆ. ಬಟ್ಟಲನ್ನು ಓರೆ ಮಾಡಿ ನೋಡಿದರೆ ತಳದಲ್ಲಿ ಸೋಪಿನ ತೆಳುನೀರು ನಿಂತಿರುತ್ತಿತ್ತು. ನಟ್ಟನಡುವಿನ ನೊರೆ ಇನ್ನೂ ತಣ್ಣಗೇ ಉಳಿದಿರುತ್ತಿತ್ತು. ಗಾಳಿ ತುಂಬಿದ ನೊರೆ ತಾನೇ ಒಂದು ಶಾಖನಿರೋಧಕವಾಗಿರುವುದರಿಂದ ಅಂಚಿನ ಬಿಸಿ ನಡುವಿಗೆ ತಾನಾಗಿ ತಲುಪುವುದಿಲ್ಲ, ಬ್ರಷ್ಷಿನಿಂದಲೇ ತಿರುವಿ ತಲುಪಿಸಬೇಕು.

ಪೂಜೆಯ ಸಾಮಾನಿನಿಂದ ಹೊರಗುಳಿದಿದ್ದ ಒಂದು ತಾಮ್ರದ ಬಟ್ಟಲು ಸ್ಟೀಲಿಗಿಂತ ಭಾರವಾಗಿತ್ತು. ಆದರೆ ತಾಮ್ರವು ಶಾಖವನ್ನು ಸ್ಟೀಲಿಗಿಂತಲೂ ಎಷ್ಟೋ ಪಟ್ಟು ವೇಗವಾಗಿ ಸಾಗಿಸುತ್ತದೆ. ಜೊತೆಗೆ ಸೋಪಿನ ಕೊಬ್ಬಿನಾಮ್ಲಗಳೊಂದಿಗೆ ಸೇರಿ ಹಸಿರು ಬಣ್ಣದ ಲವಣವಾಗುತ್ತದೆ. ಬಟ್ಟಲಿನ ಅಂಚಿಗೆ ಹಸಿರು ಅಂಟು ಕಾಣಿಸಿಕೊಂಡ ಮೇಲೆ ಅದು ಹೋದ ಕಡೆಗೇ ಹಿಂದಿರುಗಿತು.

ಕೊನೆಗೆ ಗೆದ್ದದ್ದು ಮೊದಲಿನ ಪಿಂಗಾಣಿ ಬಟ್ಟಲೇ. 350 ಗ್ರಾಂ ತೂಕವಿದ್ದು, ನೀರಿನಲ್ಲಿ ಮುಳುಗುವ ಅದರ ಭಾಗ 350 ಮಿಲಿಲೀಟರಿಗಿಂತ ಕಡಿಮೆ ಇರುವವರೆಗೆ ಅದು ತೇಲದೆ ತಳಕ್ಕೆ ಕಚ್ಚಿ ನಿಲ್ಲುತ್ತದೆ. ದಪ್ಪ ಪಿಂಗಾಣಿ ಶಾಖವನ್ನು ನಿಧಾನವಾಗಿ ಬಿಡುವುದರಿಂದ ಹೊರಗಿನ ನೀರು 60 ಡಿಗ್ರಿಯಲ್ಲಿದ್ದರೂ ಒಳಗಿನ ನೊರೆ 42ರಿಂದ 44ರ ಆಸುಪಾಸಿನಲ್ಲೇ ಉಳಿಯುತ್ತದೆ. ಜಾಲರಿಯಂತೆ ಬಿರುಕು ಬಿಟ್ಟ ಹೊಳಪಿನ ಬಟ್ಟಲನ್ನು ಯಾರೂ ಈ ಕೆಲಸಕ್ಕೆ ಬಳಸದಿರಲಿ; ಬಿಸಿ ಬಿದ್ದಾಗ ಸೀಳುವುದು ಅಂಥವೇ.

ಹೊರಪಾತ್ರೆ ಚಿಕ್ಕ ಸ್ಟೀಲ್ ತಪಲೆ, ನೀರು 400 ಮಿಲಿಲೀಟರ್. ಸುಮಾರು 1,150 ಮೀಟರ್ ಎತ್ತರದ ನಮ್ಮೂರಿನಲ್ಲಿ ನೀರು 100ರಲ್ಲಲ್ಲ, 96 ಡಿಗ್ರಿಯ ಹತ್ತಿರ ಕುದಿಯುತ್ತದೆ. ಎರಡು ಪಾಲು ಕುದಿನೀರಿಗೆ ಒಂದು ಪಾಲು ನಲ್ಲಿಯ ನೀರು ಬೆರೆಸಿದರೆ 70 ಆಗುತ್ತದೆ, ಪಾತ್ರೆ ತನ್ನ ಪಾಲನ್ನು ಕಿತ್ತುಕೊಂಡ ಮೇಲೆ 65 ಉಳಿಯುತ್ತದೆ. ಈ ಅಳತೆ ಕೈಗೆ ಹತ್ತಿದ ಮೇಲೆ ಥರ್ಮಾಮೀಟರ್ ಅಡುಗೆಮನೆಗೆ ಮರಳಿದೆ.

ಎರಡು ಪಾತ್ರೆಗಳ ನಡುವಿನ ಸಂದಿಯಿಂದ ಹಬೆ ಏಳುವುದನ್ನು ತಡೆಯದಿದ್ದರೆ ನೀರು ಬೇಗ ಆರುತ್ತದೆ. ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟನ್ನು ಬಟ್ಟಲಿನ ಸುತ್ತಳತೆಗೆ ಕತ್ತರಿಸಿ ಸಂದಿಗೆ ತುರುಕಿದ್ದೇನೆ. ಕತ್ತರಿಸಿದ ತುದಿಗಳ ನಡುವೆ ಉಳಿದ ಎಳೆಯಷ್ಟು ಬಿರುಕು ಹಿಗ್ಗಿದ ಗಾಳಿ ಹೊರಹೋಗುವುದಕ್ಕೆ ಬೇಕೇ ಬೇಕು, ಅದನ್ನು ಮುಚ್ಚಬಾರದು. ಈ ಬಂದೋಬಸ್ತಿನಲ್ಲಿ ಮೂರನೆಯ ಸುತ್ತು ಮುಗಿಯುವ ಹೊತ್ತಿಗೂ ಹೊರಗಿನ ನೀರು 50 ಡಿಗ್ರಿಯಷ್ಟಿರುತ್ತದೆ.

ಕಕ್ಕಡ

ಕೊಡವರು ಕಕ್ಕಡ ಎಂದು ಕರೆಯುವ ಮಳೆಗಾಲದ ತಿಂಗಳಿದು, ಪುಷ್ಯ ಮಳೆ ಬಿಡದೆ ಹೊಡೆಯುತ್ತಿದೆ. ಕಾಫಿ ಲೋಟ ಬಿಸಿಯಾಗಿಡುವ ಚಿಕ್ಕ ವಿದ್ಯುತ್ ತಟ್ಟೆಯ ಸಲಹೆಯನ್ನು ಹಲವರು ಕೊಟ್ಟರು. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಊರಿನಲ್ಲಿ, ಅದರಲ್ಲೂ ಒದ್ದೆ ಕೈ, ಒದ್ದೆ ನೆಲದ ಬಚ್ಚಲಿನಲ್ಲಿ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಸೌದೆ ಒದ್ದೆಯಾಗಿ ಒಲೆ ಹೊತ್ತದ ದಿನಗಳಿಗೆಂದು ರಾತ್ರಿಯೇ ಫ್ಲಾಸ್ಕಿನಲ್ಲಿ ತುಂಬಿಟ್ಟ ಕುದಿನೀರು ಸಾಕಾಗುತ್ತದೆ. ಬೆಳಗ್ಗೆ ಅದಕ್ಕೆ ತಣ್ಣೀರು ಬೆರೆಸುವ ಅಗತ್ಯವೇ ಬೀಳುವುದಿಲ್ಲ.

ತಪಲೆಯ ಅಡಿಗೆ ಮೊದಲು ಸುತ್ತಿದ್ದ ಹಳೆಯ ಕಂಬಳಿಯ ತುಂಡು ಈ ತೇವದಲ್ಲಿ ಒಣಗದೆ ಬೂಸ್ಟು ಹಿಡಿಯಿತು. ಅದರ ಬದಲು ತೆಂಗಿನ ನಾರಿನ ಸಿಂಬಿ ಇಟ್ಟಿದ್ದೇನೆ. ತಣ್ಣನೆಯ ಕಲ್ಲುಚಪ್ಪಡಿಗೆ ಶಾಖ ಇಳಿಯುವುದನ್ನು ಅದೂ ತಡೆಯುತ್ತದೆ, ಒಲೆಯ ಮೇಲೆ ತೂಗುಹಾಕಿದರೆ ಒಣಗುತ್ತದೆ. ಬ್ರಷ್ಷೂ ಅಲ್ಲೇ, ಎಳೆಗಳು ಕೆಳಮುಖವಾಗಿ, ಬಿಸಿ ತಾಗಿಯೂ ತಾಗದಷ್ಟು ದೂರದಲ್ಲಿ ತೂಗುತ್ತದೆ.

ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದ ಮಾವ ಈ ಸರಂಜಾಮನ್ನೆಲ್ಲ ನೋಡಿ, “ತಣ್ಣೀರಲ್ಲೂ ಗಡ್ಡ ಹೋಗುತ್ತದಲ್ಲ, ಇಷ್ಟೆಲ್ಲ ಯಾಕೆ?” ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಗಡ್ಡದ ಕೂದಲನ್ನು ಮೆತ್ತಗಾಗಿಸುವುದು ಮುಖ್ಯವಾಗಿ ಅದು ಹೀರಿಕೊಳ್ಳುವ ನೀರು. ಕ್ಷೌರಕ್ಕೆ ಮೊದಲು ಎರಡು ಮೂರು ನಿಮಿಷ ಬೆಚ್ಚನೆಯ ನೀರಿನಿಂದ ಮುಖವನ್ನು ನೆನೆಸಿದರೆ ಆ ಕೆಲಸ ಬಹುಮಟ್ಟಿಗೆ ಆಗಿಹೋಗುತ್ತದೆ. ತೆಳುವಾಗಿ ಬಳಿದ ನೊರೆ ಮುಖದ ಮೇಲೆ ಬೇಗನೆ ಚರ್ಮದ ಉಷ್ಣತೆಗೇ ಬಂದು ನಿಲ್ಲುವುದರಿಂದ ಅದರ ಬಿಸಿಯಿಂದ ಬ್ಲೇಡಿಗೆ ಸಿಗುವ ಉಪಕಾರ ಅಲ್ಪ. ಆದರೂ 18 ಡಿಗ್ರಿಯ ಬೆಳಗಿನಲ್ಲಿ ತಣ್ಣನೆಯ ನೊರೆ ತಾಗಿ ಚರ್ಮ ಬಿಗಿದುಕೊಂಡಾಗ ಕತ್ತಿನ ಕೆಳಗೆ ರೇಜರ್ ಎಳೆಯುವುದಕ್ಕೂ, ಬೆಚ್ಚಗೆ ಸಡಿಲವಾಗಿರುವಾಗ ಎಳೆಯುವುದಕ್ಕೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಸಣ್ಣದಲ್ಲ. ಮಾವನವರಿಗೆ ಹೇಳಿದ್ದೂ ಅಷ್ಟನ್ನೇ. ಮೆಂಥಾಲ್ ಬೆರೆತ ಕ್ರೀಮು ಬಳಸುವವರಿಗೆ ಮಾತ್ರ ಇದೆಲ್ಲ ವ್ಯರ್ಥ ಶ್ರಮ: ಮೆಂಥಾಲು ಚಳಿಯನ್ನು ಗ್ರಹಿಸುವ ನರಗಳನ್ನೇ ಕೆಣಕುವುದರಿಂದ ನೊರೆ 45 ಡಿಗ್ರಿಯಲ್ಲಿದ್ದರೂ ಮುಖ ತಣ್ಣಗೆಂದೇ ಹೇಳುತ್ತದೆ.

ಆಶ್ಲೇಷ ಮಳೆ

ಈಗ ಉಳಿದಿರುವುದು ಮುಚ್ಚಳದ ವಿಚಾರ. ಸುತ್ತುಗಳ ನಡುವೆ ಬಟ್ಟಲಿನ ಬಾಯಿ ತೆರೆದಿರುವುದರಿಂದ ನೊರೆಯ ಮೇಲ್ಪದರ ಒಣಗಿ ಆರುತ್ತದೆ. ಸ್ಟೀಲ್ ತಟ್ಟೆ ಮುಚ್ಚಿದರೆ ಅದರ ಒಳಮೈಯಲ್ಲಿ ಹಬೆ ಹನಿಗಟ್ಟಿ ನೊರೆಯ ಮೇಲೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಕಡೆ ನೊರೆ ಕುಳಿ ಬೀಳುತ್ತದೆ. ಬ್ರಷ್ಷನ್ನೇ ನೊರೆಯಲ್ಲಿ ನೆಟ್ಟು ಬಿಟ್ಟು, ಮುಂದಿನ ಸುತ್ತಿಗೆ ಮೊದಲು ಹತ್ತು ಹನ್ನೆರಡು ಸುತ್ತು ತಿರುವಿದರೆ ಸದ್ಯಕ್ಕೆ ಸಾಕಾಗುತ್ತಿದೆ. ಹಿಡಿ ಹೊರಬರುವಂತೆ ನಡುವೆ ತೂತು ಕೊರೆದ ಮರದ ಮುಚ್ಚಳವೊಂದನ್ನು ಮಾಡಿಕೊಡಲು ಬಡಗಿಗೆ ಹೇಳಿದ್ದೇನೆ; ಮರ ಒಣಗಿದ ಮೇಲೆ ಕೊರೆಯೋಣ ಎಂದಿದ್ದಾರೆ, ಅಂದರೆ ಮಳೆ ಬಿಟ್ಟ ಮೇಲೆ.