ಮದ್ದೂರು ದಾಟಿದ ಮೇಲೆ

2024 ಅಕ್ಟೋಬರ್ 20, ಭಾನುವಾರ ರಾತ್ರಿ

ಮನೆ ತಲುಪಿ ಎರಡು ಗಂಟೆಯಾಯಿತು. ಬ್ರೇಕ್ ಒತ್ತಿದ ಬಲಗಾಲಿನ ನಡುಕ ಇನ್ನೂ ಪೂರ್ತಿ ಇಳಿದಿಲ್ಲ. ಮೈಸೂರಿನಿಂದ ಬರುವಾಗ, ಮದ್ದೂರು ದಾಟಿದ ಮೇಲೆ, ತುಂತುರು ಮಳೆಯಲ್ಲಿ ಮುಂದಿದ್ದ ಬಿಳಿ ಕಾರಿನ ಕೆಂಪು ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ನಮ್ಮ ಕಾರಿನ ವೇಗ ತಗ್ಗುವಷ್ಟರಲ್ಲಿ ಅದರ ನಂಬರ್ ಪ್ಲೇಟಿನ ಮೇಲಿನ ಕೆಸರಿನ ಹನಿಗಳೂ ಕಾಣುವಷ್ಟು ಹತ್ತಿರವಾಗಿದ್ದೆವು. ಆ ಕಾರು ಪೂರ್ತಿ ನಿಲ್ಲದೆ ಮತ್ತೆ ಮುಂದೆ ಸರಿದದ್ದರಿಂದ ಉಳಿದೆವು.

ಅಪ್ಪ ಆಗ ಏನೂ ಹೇಳಲಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದವರು. ಸ್ಟೀರಿಂಗ್ ಹಿಡಿದವರನ್ನು ಗದರಿಸಬಾರದೆಂಬುದು ಅವರಿಗೆ ಗೊತ್ತು. ಬಿಡದಿಯ ಬಳಿ ಸರ್ವಿಸ್ ರಸ್ತೆಗಿಳಿದು ಕಾಫಿಗೆ ನಿಂತಾಗ ಮಾತ್ರ, "ಎಷ್ಟರಲ್ಲಿ ಬರುತ್ತಿದ್ದೆ?" ಎಂದು ಕೇಳಿದರು. ತೊಂಬತ್ತು ಎಂದೆ.

"ಹಾಗಾದರೆ ಸೆಕೆಂಡಿಗೆ 25 ಮೀಟರ್. ನೀನು ಬಿಟ್ಟಿದ್ದ ಜಾಗ ಒಂದು ಬಸ್ಸಿನಷ್ಟು, ಹೆಚ್ಚೆಂದರೆ ಒಂದೂವರೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಎರಡು ಬಸ್ಸಿನ ಉದ್ದ ಮುಗಿದಿರುತ್ತದೆ. ಬ್ರೇಕು ಹಿಡಿಯುವುದು ಆಮೇಲೆ."

ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ 'ಸಾವಿರದ ಒಂದು, ಸಾವಿರದ ಎರಡು' ಎಂದು ಎಣಿಸಬೇಕು, ಅಷ್ಟು ಹೇಳಿ ಮುಗಿಯುವ ಮೊದಲೇ ನಾವು ಆ ಕಂಬ ತಲುಪಿದರೆ ತೀರ ಹತ್ತಿರವಿದ್ದೇವೆ ಎಂದರ್ಥ, ರಸ್ತೆ ಒದ್ದೆಯಿದ್ದರೆ ನಾಲ್ಕರವರೆಗೆ ಎಣಿಸಬೇಕು ಎಂದರು. ಅಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರಲ್ಲ ಅಪ್ಪ, ಎಂದೆ.

"ನುಗ್ಗಲಿ ಬಿಡಮ್ಮ, ನೀನು ಮತ್ತೆ ಹಿಂದೆ ಸರಿ. ಊರು ಸೇರುವುದರೊಳಗೆ ಹತ್ತು ಜನ ನುಗ್ಗಿದರೂ ನಿನಗಾಗುವ ತಡ ಅರ್ಧ ನಿಮಿಷ."

ಲೈಸೆನ್ಸಿಗಾಗಿ ಓದಿದ್ದು ನೆನಪಾಯಿತು. ಮುಂದಿನ ವಾಹನ ಹಠಾತ್ತನೆ ನಿಂತರೂ ಡಿಕ್ಕಿಯಾಗದಂತೆ 'ಸಾಕಷ್ಟು' ಅಂತರವಿರಬೇಕೆಂದು 1989ರ ರಸ್ತೆ ನಿಯಮಗಳಲ್ಲಿತ್ತು. ಎಷ್ಟು ಮೀಟರ್ ಎಂದಿರಲಿಲ್ಲ. ಆ 'ಎಷ್ಟು' ಎಂಬುದನ್ನು ನಾನು ಇಷ್ಟು ದಿನ ಹಿಂದಿನವರ ಹಾರ್ನಿಗೆ ಒಪ್ಪಿಸಿಬಿಟ್ಟಿದ್ದೆ. ಹಿಂದಿನಿಂದ ಯಾರಾದರೂ ಲೈಟು ಮಿನುಗಿಸಿದರೆ ಸಾಕು, ಅವರನ್ನು ಕಾಯಿಸಬಾರದೆಂದು ಮುಂದಿನವರಿಗೆ ಅಂಟಿಕೊಳ್ಳುತ್ತಿದ್ದೆ.

ಬಿಡದಿಯಿಂದ ಕೆಂಗೇರಿಯವರೆಗೆ ಎಣಿಸುತ್ತಲೇ ಬಂದೆ. ಮೂರು ಕಾರುಗಳು ನಡುವೆ ಸೇರಿಕೊಂಡವು, ಮೂರು ಸಲವೂ ಹಿಂದೆ ಸರಿದೆ. ಅಪ್ಪ ಕಣ್ಣು ಮುಚ್ಚಿ ಒರಗಿದ್ದರು. ನಾನು ಓಡಿಸುವಾಗ ಅವರು ಹಾಗೆ ಒರಗಿದ್ದು ಇದೇ ಮೊದಲು.

ತಮ್ಮನಿಗೆ ಈಗಲೇ ಫೋನ್ ಮಾಡಬೇಕು. ವಾರಕ್ಕೊಮ್ಮೆ ಇದೇ ದಾರಿಯಲ್ಲಿ ರಾತ್ರಿ ಬರುತ್ತಾನೆ, ಲಾರಿಗಳ ಬೆನ್ನಿಗೇ ಅಂಟಿಕೊಂಡು. ಕೆಲವು ಲಾರಿಗಳಿಗೆ ಹಿಂದಿನ ದೀಪವೇ ಉರಿಯುವುದಿಲ್ಲ, ಅಂಥದ್ದೊಂದು ಕತ್ತಲಲ್ಲಿ ತಟ್ಟನೆ ನಿಂತರೆ...