ಲೆಕ್ಕ ಬಿಟ್ಟು ಮುಖ ನೋಡುವ ಹುಡುಗ

11 ನವೆಂಬರ್ 2025, ಮಂಗಳವಾರ
ಮೈಸೂರು

ನಾನು ಮನೆಗೆ ಹೋಗಿ ಟ್ಯೂಷನ್ ಹೇಳಿಕೊಡುವ ಅಣ್ಣ-ತಂಗಿಯರಲ್ಲಿ ದೊಡ್ಡವನು ಇವತ್ತೂ ಲೆಕ್ಕ ನೋಡಲಿಲ್ಲ, ನನ್ನ ಮುಖ ನೋಡಿದ.

ಎರಡು ಬೈ ಮೂರಕ್ಕೆ ಒಂದು ಬೈ ನಾಲ್ಕು ಕೂಡಬೇಕಿತ್ತು. ಸರಸರನೆ ಮೇಲೆ 3, ಕೆಳಗೆ 7 ಬರೆದ. ಬರೆದವನೇ ಕಣ್ಣೆತ್ತಿ ನನ್ನ ಹುಬ್ಬು ನೋಡಿದ. ನಾನು ಬಾಯಿ ಬಿಟ್ಟಿರಲಿಲ್ಲ, ಅಷ್ಟರಲ್ಲಿ ರಬ್ಬರ್ ಅವನ ಕೈಗೆ ಬಂದಾಗಿತ್ತು. "ಏಳಲ್ವಾ ಮಿಸ್? ನಾಕಾ? ಹನ್ನೆರಡಾ?" ಹನ್ನೆರಡು ಅಂದಾಗ ನನ್ನ ಮುಖದಲ್ಲಿ ಏನೋ ಕದಲಿರಬೇಕು. "ಹಾಂ, ಹನ್ನೆರಡು" ಅಂತ ಕೆಳಗೆ ಬರೆದೇಬಿಟ್ಟ. ಮೇಲಿನ 3 ಮಾತ್ರ ಹಾಗೇ ಕೂತಿತ್ತು. ಹನ್ನೆರಡು ಎಲ್ಲಿಂದ ಬಂತು ಅಂತ ಕೇಳಿದರೆ, "ಅದೇ ಅಲ್ವಾ ಮಿಸ್ ಆನ್ಸರು?" ಅಂದ.

ಪೆದ್ದನಲ್ಲ ಅವನು. ಎದುರಿಗಿರುವವರ ಮುಖ ಓದುವುದರಲ್ಲಿ ಅವನಷ್ಟು ಚುರುಕಾದ ಮಗುವನ್ನು ನಾನು ಕಂಡಿಲ್ಲ. ಮನೆಗೆ ಬಂದ ಅಮ್ಮ ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತಿನ ಮೂಡ್ ಹೇಳುತ್ತಾನೆ. ಸ್ಕೂಲಿನಲ್ಲಿ ಸುಮಾರು ಐವತ್ತು ಮಕ್ಕಳ ನಡುವೆ ಕೂತು, ಮೇಷ್ಟ್ರ ಕಣ್ಣು ತನ್ನ ಕಡೆ ಬರುತ್ತಾ ಅಂತ ನೋಡಿ ನೋಡಿ ಬಂದ ಜಾಣತನ ಇದು. ಅದು ಕೆಟ್ಟದ್ದು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಪರೀಕ್ಷೆ ಹಾಲಿನಲ್ಲಿ ನೋಡುವುದಕ್ಕೆ ಯಾರ ಮುಖ ಇರುತ್ತೆ?

ಹಾಗಾಗಿ ಇವತ್ತು ಎದುರಿನಿಂದ ಎದ್ದು ಅವನ ಬೆನ್ನ ಹಿಂದೆ, ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಪಕ್ಕ ಹೋಗಿ ಕೂತೆ. ಎರಡು ಸಲ ತಿರುಗಿ ನೋಡಿದ. "ಮಾಡು ಮಾಡು" ಅಂದೆ. ಮೂರನೇ ಸಲ ತಿರುಗಿದವನು ನನ್ನನ್ನು ಬಿಟ್ಟು ಅಜ್ಜಿಯನ್ನು ಕೇಳಿದ: "ಅಜ್ಜಿ, ಸರಿನಾ?"

ಅಜ್ಜಿ ತಲೆಯನ್ನೂ ಎತ್ತಲಿಲ್ಲ. "ನಂಗೇನ್ ಗೊತ್ತಪ್ಪಾ, ನೀನು ಹೇಳು, ಕೇಳ್ತೀನಿ."

ಆಮೇಲೆ ನಡೆದದ್ದನ್ನು ಬರೆದಿಡಬೇಕು ಅಂತಲೇ ಇಷ್ಟು ಹೊತ್ತಾದರೂ ಕೂತಿದ್ದೇನೆ. ಅಜ್ಜಿಗೆ ಹೇಳಬೇಕಲ್ಲ ಅಂತ ಅವನು ಚಪಾತಿ ಎಳೆದು ತಂದ. ಒಂದು ಚಪಾತಿನ ಮೂರು ತುಂಡು ಮಾಡಿ ಎರಡು ತಗೊಂಡೆ, ಇನ್ನೊಂದನ್ನ ನಾಕು ತುಂಡು ಮಾಡಿ ಒಂದು ತಗೊಂಡೆ, ಒಟ್ಟು ಎಷ್ಟಾಯ್ತು ಅಜ್ಜಿ? "ಮೂರು ತುಂಡು" ಅಂದರು ಅಜ್ಜಿ. "ತುಂಡೆಲ್ಲಾ ಒಂದೇ ಸೈಜ್ ಇಲ್ವಲ್ಲ ಅಜ್ಜಿ!" ಅಂದವನು ಅಲ್ಲಿಗೆ ನಿಂತ. ಪೆನ್ಸಿಲ್ ಬಾಯಲ್ಲಿತ್ತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನಗೆ ಕೈಕಾಲಲ್ಲಿ ಜುಮ್ಮೆಂದಿತು. ಛೇದಗಳನ್ನು ಸಮ ಮಾಡಬೇಕು, ಲ.ಸಾ.ಅ. ತೆಗೆಯಬೇಕು ಅಂತ ನಾನು ಎಷ್ಟು ಸಲ ಹೇಳಿದ್ದೆ! ಯಾಕೆ ಸಮ ಮಾಡಬೇಕು ಅನ್ನುವುದು ಅವನಿಗೆ ಸಿಕ್ಕಿದ್ದು ಈಗ, ಅಜ್ಜಿಗೆ ಹೇಳುವ ಗಡಿಬಿಡಿಯಲ್ಲಿ. ಹಾಗಂತ ಲೆಕ್ಕ ಪೂರ್ತಿಯಾಗಲಿಲ್ಲ. ಎಂಟು ಬೈ ಹನ್ನೆರಡರ ತನಕ ಬಂದ, ಒಂದು ಬೈ ನಾಲ್ಕನ್ನು ಮೂರು ಬೈ ಹನ್ನೆರಡು ಮಾಡುವಲ್ಲಿ ತೊಡರಿದ. ತೊಡರಲಿ. ಇವತ್ತು ಅವನು ತೊಡರಿದ್ದು ಲೆಕ್ಕದಲ್ಲಿ.

ಅಜ್ಜಿಗೆ ಏನೂ ಗೊತ್ತಿಲ್ಲ ಅನ್ನುವುದೂ ಸುಳ್ಳು. ಸೊಪ್ಪು ಬಿಡಿಸುತ್ತಲೇ "ಕಾಲೊಂದ್ಲ ಕಾಲು, ಕಾಲೆರಡ್ಲ ಅರ್ಧ, ಕಾಲ್ಮೂರ್ಲ ಮುಕ್ಕಾಲು, ಕಾಲ್ನಾಕ್ಲ ಒಂದು" ಅಂತ ಹಾಡಿದರು. ಕಾಲು ಮಗ್ಗಿ! ಓದಿದ್ದು ನಾಲ್ಕನೇ ಕ್ಲಾಸಿನವರೆಗಂತೆ. ಮುಕ್ಕಾಲು ಮಗ್ಗಿಯೂ ಬರುತ್ತಿತ್ತಂತೆ, ಈಗ ಮರೆತಿದೆ. ದೊಡ್ಡವನು ಬಾಯಿ ತೆರೆದುಕೊಂಡು ಕೇಳಿದ.

ಚಿಕ್ಕವಳು ಈ ಗಲಾಟೆಯಲ್ಲಿ ಕುರ್ಚಿ ಹತ್ತಿ ಕ್ಯಾಲೆಂಡರ್ ಓದುತ್ತಿದ್ದಳು. ಸರ್ಕಾರಿ ಶಾಲೆ, ಎರಡನೇ ತರಗತಿ, ನಲಿಯುತ್ತಾ ಕಲಿಯುವ ನಲಿಕಲಿ ಪದ್ಧತಿ. ಇವಳನ್ನು ಶಾಲೆಗೆ ಹಾಕಿದ ಹೊಸದರಲ್ಲಿ ಅಮ್ಮನಿಗೆ ದೊಡ್ಡ ಗಾಬರಿ. "ಅ ಆ ಇ ಈ ಹೇಳಿಕೊಡಲ್ವಂತೆ ಮಿಸ್, ರ ಗ ಸ ದ ಅಂತ ಶುರು ಮಾಡಿದಾರೆ" ಅಂದಿದ್ದರು. 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ಹುಟ್ಟಿದ ಪದ್ಧತಿ ಅದು, ಸುಲಭವಾಗಿ ಬರೆಯಲು ಬರುವ, ಬೇಗ ಪದ ಕಟ್ಟಲು ಆಗುವ ಅಕ್ಷರ ಮೊದಲು ಕೊಡುತ್ತಾರೆ, ರ-ಗ-ಸ-ದ ಬಂದರೆ "ಸರ", "ಗರಗಸ" ಓದಬಹುದು ಅಂತ ಎಷ್ಟು ಹೇಳಿದರೂ ನಂಬಿರಲಿಲ್ಲ. ಇವತ್ತು ಪುಟ್ಟಿ ಐದನೇ ತಾರೀಖಿನ ಚೌಕದ ಮೇಲೆ ಬೆರಳಿಟ್ಟು "ಹು... ಣ್... ಣಿ... ಹುಣ್ಣಿಮೆ!" ಅಂದಳು. ಹೋದ ತಿಂಗಳು ಒತ್ತಕ್ಷರ ಕಂಡರೆ ಹಾರಿಕೊಂಡು ಹೋಗಿ "ಹುಣಿಮೆ" ಅನ್ನುತ್ತಿದ್ದವಳು. ಇಪ್ಪತ್ತನೇ ತಾರೀಖಿನ ಅಮಾವಾಸ್ಯೆ ಹತ್ತಿರ ಕೊನೇ ಅಕ್ಷರ ಸಿಗಲಿಲ್ಲ. ಸ, ಅದಕ್ಕೆ ಯ ಒತ್ತು, ಮೇಲೆ ಎತ್ವ, ಮೂರೂ ಒಟ್ಟಿಗೆ ಮುತ್ತಿಕೊಂಡವು. "ಇದು ನಾಳೆ" ಅಂತ ಇಳಿದುಬಿಟ್ಟಳು. ಶುಕ್ರವಾರ ಮಕ್ಕಳ ದಿನಾಚರಣೆಗೆ ಡ್ಯಾನ್ಸ್ ಇದೆ, ಅದರ ಪ್ರಾಕ್ಟೀಸ್ ಮಾಡಬೇಕಂತೆ.

ಆರೂವರೆಗೆ ಅವರಮ್ಮ ಬಂದರು. ಗಾರ್ಮೆಂಟ್ಸ್ ಬಸ್ ಇಳಿದು ನಡೆದು ಬಂದಿದ್ದರು, ಕಾಲು ಊದಿತ್ತು. ನಾನು ಚಪಾತಿ ಲೆಕ್ಕದ ಸಂಗತಿ ಹೇಳೋಣ ಅಂತ ಬಾಯಿ ತೆಗೆಯುವಷ್ಟರಲ್ಲಿ ಅವರೇ ಬ್ಯಾಗಿನಿಂದ ದುಡ್ಡು ತೆಗೆದು ಕೈಗಿಟ್ಟರು. ಅಕ್ಟೋಬರ್‌ದು, ಅರ್ಧ.

"ಸ್ಕೂಲೇ ಇರ್ಲಿಲ್ವಲ್ಲಾ ಮಿಸ್."

ಇರಲಿಲ್ಲ, ನಿಜ. ಸೆಪ್ಟೆಂಬರ್ 20ರಿಂದ ದಸರಾ ರಜೆ, ಅದು ಮುಗಿಯುವ ಹೊತ್ತಿಗೆ ಮೇಷ್ಟ್ರುಗಳೆಲ್ಲ ಜಾತಿ ಸಮೀಕ್ಷೆಯಲ್ಲಿದ್ದರು ಅಂತ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರ ತನಕ ರಜೆ ಮುಂದುವರಿಸಿದರು, ಅದರ ಬೆನ್ನಿಗೆ ದೀಪಾವಳಿ. ಶಾಲೆ ಇಲ್ಲದ ಆ ದಿನಗಳಲ್ಲಿ ಇದೇ ಮನೆಗೆ ಬೆಳಿಗ್ಗೆಯೇ ಬಂದು, ಒಂದು ಗಂಟೆಯ ಜಾಗದಲ್ಲಿ ಎರಡು ಗಂಟೆ ಕೂತಿದ್ದೇನೆ, ಮಕ್ಕಳು ಬೀದಿ ಪಾಲಾಗುತ್ತವೆ ಅಂತ ಅವರೇ ಕೇಳಿಕೊಂಡಿದ್ದರಿಂದ. ಗಂಟಲವರೆಗೆ ಬಂತು ಮಾತು. ಬೇಜಾರಾಗಲಿಲ್ಲ ಅಂದರೆ ಸುಳ್ಳು ಹೇಳಿದಂತೆ. ಮಗುವಿಗೆ ತಿಂಗಳಿಗೆ 800 ರೂಪಾಯಿ, ಅದರಲ್ಲಿ ಅರ್ಧ. ನನಗೂ ಪಿ.ಜಿ. ಬಾಡಿಗೆ ಇದೆ, ಊರಿಗೆ ಕಳಿಸಬೇಕಾದ್ದಿದೆ. "ಬಂದಿದ್ನಲ್ಲಾ ಅಕ್ಕಾ, ರಜೇಲೂ ಬಂದಿದ್ದೆ" ಅಂತಷ್ಟೇ ಅಂದೆ.

ಅವರು ಸುಮ್ಮನೆ ಕೂತರು. ಆಮೇಲೆ ಹೇಳಿದ ಮಾತು ನನಗೆ ಬಸ್ಸಿನುದ್ದಕ್ಕೂ ಕೇಳಿಸುತ್ತಿತ್ತು. "ನೀವು ಬಂದು ಏನು ಮಾಡಿದ್ರಿ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಮಿಸ್? ಇವನದ್ದು ಇಂಗ್ಲಿಷ್ ಮೀಡಿಯಮ್ಮು. ಬುಕ್ ತೆಗೆದ್ರೆ ನಂಗೆ ಎದೆ ಹೊಡ್ಕೊಳುತ್ತೆ. ಮಾರ್ಕ್ಸ್ ಕಾರ್ಡ್ ಒಂದೇ ನಂಗೆ ಓದಕ್ಕೆ ಬರೋದು."

ಏನು ಹೇಳಲಿ ಅದಕ್ಕೆ? ದುಡ್ಡಿನ ಮಾತೇ ಮರೆತುಹೋಯಿತು. ದೊಡ್ಡವನನ್ನು ಕರೆದು, ಅಜ್ಜಿಗೆ ಹೇಳಿದ್ಯಲ್ಲಾ, ಅಮ್ಮನಿಗೂ ಹೇಳು ಅಂದೆ. ಅವನು ಮೊದಲು ಅಮ್ಮನ ಮುಖ ನೋಡಿದ. ಆಮೇಲೆ ಹೇಳಿದ, ಕನ್ನಡದಲ್ಲೇ, ಚಪಾತಿಯಲ್ಲೇ. ಅಮ್ಮ ನಗಲಿಲ್ಲ, ತಲೆ ಸವರಲಿಲ್ಲ, ಸೀರಿಯಸ್ಸಾಗಿ ಕೇಳಿದರು. "ಆ ಮೂರು ಎಲ್ಲಿಂದ ಬಂತೋ?" ಅಂತ ನಡುವೆ ಒಂದು ಪ್ರಶ್ನೆ ಹಾಕಿದರು ನೋಡಿ, ಸರಿಯಾಗಿ ಅವನು ತೊಡರಿದ್ದ ಜಾಗದಲ್ಲೇ!

ಹೊರಡುವಾಗ, "ಈ ವರ್ಷದಿಂದ ಎಸ್ಸೆಸ್ಸೆಲ್ಸಿಗೆ 33 ಪರ್ಸೆಂಟ್ ಬಂದ್ರೆ ಪಾಸಂತಲ್ಲಾ ಮಿಸ್. ಇವನು ಪಾಸಾದ್ರೆ ಸಾಲದು, ಅರ್ಥ ಆಗ್ಬೇಕು" ಅಂದರು. ಉಳಿದರ್ಧ ಶನಿವಾರ ಕೊಡುತ್ತಾರಂತೆ.

ಇನ್ನೊಂದು ಯೋಚನೆ. ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ, ಪಾಸಾಗಿ ಕೂತಿದ್ದೇನೆ. 2022ರಲ್ಲಿ ಸರ್ಕಾರಿ ಶಾಲೆಗಳಿಗೆ ಹದಿನೈದು ಸಾವಿರ ಶಿಕ್ಷಕರ ಹುದ್ದೆ ಕರೆದಾಗ ನನ್ನ ಬಿ.ಎಡ್. ಮುಗಿದಿರಲಿಲ್ಲ. ಮುಂದಿನ ಸಲ ಕರೆದಾಗ ನನಗೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಕಾಯ್ದೆ ಸರಿಯಾಗಿಯೇ ಇದೆ, ಕ್ಲಾಸಿನಲ್ಲಿ ಹೇಳಬೇಕಾದ್ದನ್ನು ಸಂಜೆ ಮನೆಯಲ್ಲಿ ಮಾರಬಾರದು. ಆದರೆ ನಾನು ಟೀಚರ್ ಆದ ದಿನ ಈ ಮನೆಗೆ ಬರುವುದು ನಿಲ್ಲುತ್ತೆ. ಅಮ್ಮನಿಗೆ ಇದನ್ನು ಹೇಳಿದಾಗ, "ಆಗ ನಿಮ್ಮ ಸ್ಕೂಲಿಗೇ ಹಾಕ್ತೀನಿ ಬಿಡಿ" ಅಂದಿದ್ದರು. ಪೋಸ್ಟಿಂಗ್ ಯಾದಗಿರಿಗೆ ಬಂದರೆ?

ಟ್ಯೂಷನ್‌ಗೆ ಕರೆದಿರುವ ಕುವೆಂಪುನಗರದ ಮನೆಯವರಿಗೆ ನಾಳೆ ಉತ್ತರ ಹೇಳಬೇಕು. ಇಲ್ಲಿಯ ಎರಡರಷ್ಟು ಕೊಡುತ್ತಾರೆ. "ಹೋಂವರ್ಕ್ ಮುಗಿಸಿಬಿಟ್ರೆ ಸಾಕು, ಬೇರೆ ಏನೂ ಬೇಡ" ಅಂತ ಫೋನಿನಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ. ಒಪ್ಪಿಕೊಂಡರೆ ಐದರಿಂದ ಆರೂವರೆ ಅಲ್ಲಿಗೆ ಹೋಗುತ್ತೆ, ಇವರ ಮನೆಗೆ ನಾನು ಬರುವ ಹೊತ್ತಿಗೆ ಏಳು. ಏಳಕ್ಕೆ ಪುಟ್ಟಿ ತೂಕಡಿಸುತ್ತಾಳೆ, ಅಜ್ಜಿಗೆ ಸೀರಿಯಲ್ ಟೈಮು, ದೊಡ್ಡವನಿಗೆ ಹೇಳಿಕೊಳ್ಳಲು ಯಾರೂ ಇರುವುದಿಲ್ಲ, ಮತ್ತೆ ನನ್ನ ಮುಖವೇ. ಏಳಕ್ಕಾದರೆ ಅಮ್ಮ ಮನೆಯಲ್ಲಿರುತ್ತಾರೆ, ಅದೊಂದಿದೆ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ದಿನಾ ಒಂದೇ ಒಂದು ಲೆಕ್ಕ ಅವನು ಅವರಿಗೆ ಹೇಳಿಕೊಡುವ ಹಾಗೆ ಮಾಡಿದರೆ... ಆದರೆ ಆ ಊದಿದ ಕಾಲಲ್ಲಿ ಅವರು ಅಡಿಗೆ ಯಾವಾಗ ಮಾಡಬೇಕು